27 ಅಡಿಯೋ, 36 ಅಡಿಯೋ?

ಮನೆ ಕೊಳ್ಳೋವಾಗ ಎರಡು ಬೆಡ್‌ರೂಮೋ ಮೂರೋ ಅಂತ ಚರ್ಚೆ ಆಗುತ್ತೆ. ಕಾರು ಕೊಳ್ಳೋವಾಗ ಸಣ್ಣದೋ ದೊಡ್ಡದೋ ಅಂತ ಆಗುತ್ತೆ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ನಡೆದ ಚರ್ಚೆ ಸ್ವಲ್ಪ ಬೇರೆ ಥರದ್ದು: ಹಾಯಿದೋಣಿ 27 ಅಡಿಯದ್ದು ಸಾಕೋ, 36 ಅಡಿಯದ್ದೇ ಬೇಕೋ?

‘ದೋಣಿ ಕೊಳ್ಳೋಷ್ಟು ದುಡ್ಡಿದೆಯಾ ಇವರ ಹತ್ರ’ ಅಂತ ಹುಬ್ಬೇರಿಸಬೇಡಿ. ನಾವಿರೋದು ಸಿಯಾಟಲ್‌ನಲ್ಲಿ. ಈ ಊರು ಇರೋದೇ ನೀರಿನ ನಡುವೆ. ಒಂದು ಪಕ್ಕ ಲೇಕ್ ವಾಷಿಂಗ್ಟನ್, ಇನ್ನೊಂದು ಪಕ್ಕ ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ಕವಲು. ಎರಡರ ನಡುವೆ ದೋಣಿಗಳನ್ನು ಏರಿಸಿ ಇಳಿಸೋಕೆ 1917ರಿಂದ ಕೆಲಸ ಮಾಡ್ತಿರೋ ಬ್ಯಾಲಾರ್ಡ್ ಲಾಕ್ಸ್. ಇಲ್ಲಿ ನಲವತ್ತು ವರ್ಷ ಹಳೆಯ ಹಾಯಿದೋಣಿ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆಗೆ ಸಿಗುತ್ತೆ. ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವರು, ಮಗಳ ಶಾಲೆಯ ಟೀಚರು, ಎಲ್ಲರ ಹತ್ರಾನೂ ಒಂದೊಂದು ದೋಣಿ ಕಥೆ ಇದ್ದೇ ಇರುತ್ತೆ.

ನಾನು ಗಂಗೊಳ್ಳಿ ಕಡೆಯವಳು. ಅಪ್ಪಯ್ಯ ದೋಣಿ ನಡೆಸಿದವರಲ್ಲ, ಆದರೆ ಪಂಚಗಂಗಾವಳಿ ಹೊಳೆಯ ಅಳಿವೆ ನೋಡ್ತಾನೇ ಬೆಳೆದವರು. ಗಂಡ ತುಮಕೂರಿನವನು. ಅವನಿಗೆ ಚಿಕ್ಕಂದಿನಲ್ಲಿ ಸಮುದ್ರ ಅಂದ್ರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ ಮುರ್ಡೇಶ್ವರ. ಹೀಗಿದ್ದೂ ದೋಣಿಯ ಹುಚ್ಚು ಮೊದಲು ಹಿಡಿದಿದ್ದು ಅವನಿಗೇ. ಇಬ್ಬರೂ ಎರಡು ಬೇಸಿಗೆ ಕ್ಲಬ್ಬೊಂದರಲ್ಲಿ ಹಾಯಿ ಕಲಿತೆವು, ಪರೀಕ್ಷೆ ಪಾಸಾದೆವು. ಆಮೇಲೆ ಶುರುವಾಗಿದ್ದು ಈ ಅಡಿಗಳ ಜಗಳ.

ಒಂಬತ್ತು ಅಡಿ ಅಂದ್ರೆ ಎಷ್ಟು?

ನಮ್ಮ ಮುಂದಿದ್ದ ಎರಡು ದೋಣಿಗಳೂ ಕ್ಯಾಟಲೀನಾ ಕಂಪನಿಯವು. ಒಂದು ಕ್ಯಾಟಲೀನಾ 27, ಇನ್ನೊಂದು ಕ್ಯಾಟಲೀನಾ 36. ಇಲ್ಲಿಯ ಬಂದರುಗಳಲ್ಲಿ ಇವೆರಡೂ ನಮ್ಮೂರ ಮಾರುತಿ ಕಾರಿನ ಹಾಗೆ, ಎಲ್ಲಿ ನೋಡಿದ್ರೂ ಕಾಣುತ್ತವೆ. 27 ಅಡಿಯ ಮಾದರಿ 1971ರಿಂದ ಎರಡು ದಶಕ ತಯಾರಾಯಿತು, ಆರು ಸಾವಿರಕ್ಕೂ ಹೆಚ್ಚು ದೋಣಿಗಳು ಬಂದವು. ಬಿಡಿಭಾಗ ಸಿಗುತ್ತೆ, ಸಲಹೆ ಕೊಡೋ ಜನರೂ ಸಿಗ್ತಾರೆ.

ಎರಡಕ್ಕೂ ಬೇರೆ ಬೇರೆ ದಿನ ಹೋಗಿ ಒಳಗೆ ಕೂತು ಬಂದೆವು. ಬರೀ ಒಂಬತ್ತು ಅಡಿ ವ್ಯತ್ಯಾಸ ತಾನೇ ಅನ್ನಿಸಿತ್ತು. ಮನೆಗೆ ಬಂದು ಕಾಗದದ ಮೇಲೆ ಬರೆದಾಗ ಬೇರೇನೇ ಕಂಡಿತು.

ಉದ್ದದಲ್ಲಿ ಮೂರನೇ ಒಂದು ಭಾಗ ಹೆಚ್ಚು. ತೂಕ ನೋಡಿದ್ರೆ, ಸಣ್ಣದು ಸುಮಾರು 3,100 ಕೆಜಿ, ದೊಡ್ಡದು ಸುಮಾರು 6,100 ಕೆಜಿ. ಹೆಚ್ಚುಕಡಿಮೆ ದುಪ್ಪಟ್ಟು! ಹಾಯಿಯ ಬಟ್ಟೆ ಸಣ್ಣದರಲ್ಲಿ 340 ಚದರ ಅಡಿ, ದೊಡ್ಡದರಲ್ಲಿ ಸುಮಾರು 550. ಅಗಲ 9 ಅಡಿಯಿಂದ 12 ಅಡಿಗೆ ಹೋಗುತ್ತೆ.

ಇದಕ್ಕೆ ಕಾರಣ ಸುಲಭ. ದೋಣಿ ಉದ್ದ ಆದಾಗ ಅಗಲವೂ ಆಳವೂ ಜತೆಗೇ ಬೆಳೆಯುತ್ತವೆ. ಇಡ್ಲಿ ಪಾತ್ರೆಯ ಅಗಲ ಸ್ವಲ್ಪ ಜಾಸ್ತಿಯಾದ್ರೆ ಒಳಗೆ ಎಷ್ಟು ಇಡ್ಲಿ ಹೆಚ್ಚಿಗೆ ಕೂರುತ್ತೆ ನೋಡಿ, ಹಾಗೆ. ಜಾಹೀರಾತಿನಲ್ಲಿ ಬರೆದಿರೋದು ಅಡಿ. ನಾವು ಎಳೆಯೋದು, ತಡೆಯೋದು, ನಿಲ್ಲಿಸೋದು ತೂಕವನ್ನ. ದೋಣಿ ನೋಡೋಕೆ ಹೋಗೋರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು.

ಆನೆ ಮತ್ತು ಆನೆಯ ಮೇವು

ಸಣ್ಣ ದೋಣಿಗೆ ಕೇಳಿದ್ದು 11,000 ಡಾಲರ್. ದೊಡ್ಡದಕ್ಕೆ 58,000. ಮೊದಲನೆಯದು ಉಳಿತಾಯದಲ್ಲಿ ಆಗುತ್ತೆ. ಎರಡನೆಯದಕ್ಕೆ ಸಾಲ ಬೇಕು.

ಆದರೆ ಆನೆ ಕೊಳ್ಳೋದಕ್ಕಿಂತ ಮೇವು ಹಾಕೋದು ಕಷ್ಟ. ಬಂದರಿನಲ್ಲಿ ದೋಣಿ ಕಟ್ಟೋ ಜಾಗಕ್ಕೆ ಬಾಡಿಗೆ ಅಡಿ ಲೆಕ್ಕದಲ್ಲಿ. ಅಡಿಗೆ ತಿಂಗಳಿಗೆ 20 ಡಾಲರ್ ಅಂತ ಲೆಕ್ಕಕ್ಕೆ ಹಿಡಿಯಿರಿ. ಜಾಗಗಳು ಇಂತಿಷ್ಟು ಅಳತೆ ಅಂತ ಇರೋದರಿಂದ 27 ಅಡಿಯದ್ದು 30 ಅಡಿ ಜಾಗಕ್ಕೆ, 36 ಅಡಿಯದ್ದು ಬಹಳ ಕಡೆ 40 ಅಡಿ ಜಾಗಕ್ಕೆ ಹೋಗುತ್ತೆ. ತಿಂಗಳಿಗೆ 600 ಮತ್ತು 800. ವರ್ಷಕ್ಕೆ 2,400 ಡಾಲರ್ ವ್ಯತ್ಯಾಸ, ದೋಣಿ ಕದಲದೆ ನಿಂತಿದ್ರೂ.

ಇಷ್ಟಕ್ಕೇ ಮುಗಿಯಲ್ಲ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನ ನೀರಿಂದ ಎತ್ತಿ ತಳಕ್ಕೆ ಬಣ್ಣ ಬಳಿಸಬೇಕು, ಇಲ್ಲದಿದ್ರೆ ಪಾಚಿ, ಚಿಪ್ಪು ಬೆಳೆದು ವೇಗ ತಿನ್ನುತ್ತವೆ. ಅದೂ ಅಡಿ ಲೆಕ್ಕ. ಹಾಯಿ ಹರಿದ್ರೆ ಹೊಸದು ಬೇಕು, ಅದು ಚದರ ಅಡಿ ಲೆಕ್ಕ. ಕೂವೆಮರ ಹಿಡಿದಿರೋ ಸ್ಟೀಲ್ ತಂತಿಗಳಿಗೆ ಹತ್ತು ಹದಿನೈದು ವರ್ಷ ದಾಟಿದ್ರೆ ಇನ್ಶೂರೆನ್ಸಿನವರು ಪ್ರಶ್ನೆ ಕೇಳ್ತಾರೆ. ದೊಡ್ಡ ದೋಣಿಗೆ ತಂತಿಯೂ ದಪ್ಪ, ಬಿಲ್ಲೂ ದಪ್ಪ. ದೋಣಿಯವರ ಬಾಯಲ್ಲಿ ಓಡಾಡೋ ಲೆಕ್ಕವೊಂದಿದೆ: ದೋಣಿಯ ಬೆಲೆಯ ಶೇ 10ರಷ್ಟು ವರ್ಷದ ಖರ್ಚು. ಅಗ್ಗದ ಹಳೇ ದೋಣಿಗೆ ಈ ಲೆಕ್ಕ ನಂಬಬೇಡಿ, ಕಟ್ಟೋ ಜಾಗದ ಬಾಡಿಗೆಯೇ ಅದನ್ನ ದಾಟಿಬಿಡುತ್ತೆ.

ಕೊಳ್ಳೋ ಮುಂಚೆ ಸರ್ವೇಯರ್‌ನ ಕರೆಸೋದು ಮಾತ್ರ ತಪ್ಪಿಸಬೇಡಿ. ಹಳೆಯ ಫೈಬರ್‌ಗ್ಲಾಸ್ ದೋಣಿಗಳ ಡೆಕ್ಕಿನ ಒಳಗೆ ಮರದ ಪದರ ಇರುತ್ತೆ. ಸ್ಕ್ರೂ ತೂತಿನಿಂದ ನೀರು ಇಳಿದು ಆ ಮರ ಕೊಳೆತಿದ್ರೆ ಹೊರಗೆ ಏನೂ ಕಾಣಲ್ಲ. ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಇಡೀ ಡೆಕ್ ಬಡಿದು ನೋಡ್ತಾರೆ, ನಾವು ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡಿದ ಹಾಗೆ. ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಕೊಳೆತಿದೆ. ಅವರ ಫೀಸೂ ಅಡಿ ಲೆಕ್ಕವೇ ಅಂತ ಬೇರೆ ಹೇಳಬೇಕಿಲ್ಲ.

ದೊಡ್ಡದಕ್ಕೂ ನ್ಯಾಯ ಸಲ್ಲಬೇಕು

ಇಷ್ಟು ಓದಿ ನಾನು ಸಣ್ಣ ದೋಣಿಯ ವಕೀಲೆ ಅಂದ್ಕೋಬೇಡಿ. ಗಂಡನ ವಾದದಲ್ಲಿ ಹುರುಳಿತ್ತು.

ಮೊದಲನೆಯದು ವೇಗ. ಹಾಯಿದೋಣಿ ಎಷ್ಟು ವೇಗವಾಗಿ ಹೋಗಬಹುದು ಅನ್ನೋದು ನೀರಿಗೆ ತಾಗಿರೋ ಉದ್ದದ ಮೇಲೆ ನಿಂತಿದೆ. ಆ ಉದ್ದವನ್ನ ಅಡಿಯಲ್ಲಿ ತಗೊಂಡು, ವರ್ಗಮೂಲ ಹಾಕಿ, 1.34ರಿಂದ ಗುಣಿಸಿದ್ರೆ ಗರಿಷ್ಠ ವೇಗ ನಾಟ್‌ಗಳಲ್ಲಿ ಸಿಗುತ್ತೆ. ಸಣ್ಣದಕ್ಕೆ ಸುಮಾರು 6.2, ದೊಡ್ಡದಕ್ಕೆ ಸುಮಾರು 7.4. ದಿನಪೂರ್ತಿಯ ಸರಾಸರಿ ಅಂದ್ರೆ 5 ಮತ್ತು 6 ಅನ್ನಿ. ಇಲ್ಲಿ ಎಲ್ಲರ ಕನಸಿನ ಜಾಗ ಸ್ಯಾನ್ ವಾನ್ ದ್ವೀಪಗಳು, ನಮ್ಮಿಂದ ಸುಮಾರು 60 ನಾಟಿಕಲ್ ಮೈಲಿ. ಹನ್ನೆರಡು ಗಂಟೆ ಅಥವಾ ಹತ್ತು ಗಂಟೆ. ಎರಡು ಗಂಟೆ ಅಂದ್ರೆ ಬೆಳಕಿರುವಾಗಲೇ ಲಂಗರು ಹಾಕೋದಕ್ಕೂ ಕತ್ತಲಲ್ಲಿ ತಡಕಾಡೋದಕ್ಕೂ ಇರೋ ವ್ಯತ್ಯಾಸ.

ಇನ್ನೊಂದು ಎಂಜಿನ್. ಇಲ್ಲಿ ಬೇಸಿಗೆಯಲ್ಲಿ ಗಾಳಿ ಕಡಿಮೆ, ಪ್ರವಾಹ ಜೋರು. ಡಿಸೆಪ್ಷನ್ ಪಾಸ್ ಅನ್ನೋ ಕಿರಿದಾದ ದಾರಿಯಲ್ಲಿ ಉಬ್ಬರ ಇಳಿತದ ಹೊತ್ತಿಗೆ ನೀರು 8 ನಾಟ್‌ವರೆಗೂ ಓಡುತ್ತೆ. ನಮ್ಮ ದೋಣಿಗಿಂತ ನೀರೇ ಜೋರು! ನೀರು ನಿಂತಂತಿರೋ ಆ ಅರ್ಧ ಗಂಟೆ ಕಾದು ದಾಟಬೇಕು. ದೊಡ್ಡದರಲ್ಲಿ ಒಳಗೇ ಗಟ್ಟಿ ಡೀಸೆಲ್ ಎಂಜಿನ್. ನಾವು ನೋಡಿದ ಸಣ್ಣದರಲ್ಲಿ ಹಿಂದೆ ತೂಗುಹಾಕಿರೋ ಔಟ್‌ಬೋರ್ಡ್. ಅಲೆ ಎದ್ದಾಗ ದೋಣಿಯ ಹಿಂಭಾಗ ಮೇಲೆದ್ದು, ಅದರ ಫ್ಯಾನು ನೀರಿಂದ ಹೊರಬಂದು ಗರಗರ ಅಂತ ಗಾಳಿಯಲ್ಲಿ ತಿರುಗುತ್ತೆ.

ಎಲ್ಲಕ್ಕಿಂತ ದೊಡ್ಡ ವಾದ ಅತ್ತೆ-ಮಾವ. ಎರಡು ವರ್ಷಕ್ಕೊಮ್ಮೆ ಬರ್ತಾರೆ. ಅತ್ತೆಗೆ ಮಂಡಿ ನೋವು. 36 ಅಡಿಯದ್ದರಲ್ಲಿ ಮುಂದೊಂದು ಹಿಂದೊಂದು ಬಾಗಿಲಿರೋ ಮಲಗೋ ಕೋಣೆ, ನಿಂತು ಸ್ನಾನ ಮಾಡೋ ಬಚ್ಚಲು, ಮೂರು ಒಲೆಯ ಸ್ಟವ್, ಫ್ರಿಜ್. ಕುಕ್ಕರ್ ಇಟ್ಟು ಸಾರು ಮಾಡಬಹುದು. ಸಣ್ಣದರಲ್ಲಿ ಎರಡು ಒಲೆ, ಐಸ್ ಪೆಟ್ಟಿಗೆ, ತಲೆ ತಗ್ಗಿಸಿ ಕೂರಬೇಕಾದ ಟಾಯ್ಲೆಟ್. ಅದಕ್ಕೂ ಪಂಪು ಕೈಯಲ್ಲೇ ಒತ್ತಬೇಕು. ಪ್ಯೂಜೆಟ್ ಸೌಂಡಿನಲ್ಲಿ 2018ರಿಂದ ಶೌಚದ ನೀರನ್ನ, ಶುದ್ಧ ಮಾಡಿದ್ರೂ, ಸಮುದ್ರಕ್ಕೆ ಬಿಡೋ ಹಾಗಿಲ್ಲ. ಟ್ಯಾಂಕಿನಲ್ಲಿ ಹಿಡಿದಿಟ್ಟು ಬಂದರಿನ ಪಂಪಿನಲ್ಲಿ ಖಾಲಿ ಮಾಡಬೇಕು. ಸಣ್ಣ ದೋಣಿಯ ಟ್ಯಾಂಕು ಐದು ಜನಕ್ಕೆ ಎಷ್ಟು ದಿನ ಬಂದೀತು, ನೀವೇ ಊಹಿಸಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ನಾನಂದ್ರೆ ಆರಡಿ ಎತ್ತರದ ಗಂಡ, ‘ಅದನ್ನೇ ನಾನೂ ಹೇಳ್ತಿರೋದು, ಇದರಲ್ಲಿ ಕಾಲು ಚಾಚೋಕೆ ಆಗಲ್ಲ’ ಅಂದ.

ತಮಾಷೆ ಹಾಗಿರಲಿ. ‘ಅಪ್ಪ ಅಮ್ಮನ್ನ ಒಂದು ಸಲ ಹಾಯಿ ಕೆಳಗೆ ಕೂರಿಸಿ ಕರ್ಕೊಂಡು ಹೋಗಬೇಕು. ಅವರಿಗೆ ವಯಸ್ಸಾಗ್ತಾ ಇದೆ ಕಣೇ’ ಅಂತ ಒಂದು ರಾತ್ರಿ ಹೇಳಿದ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ದೊಡ್ಡದು ಅಂದ್ರೆ ಸೇಫಾ?

ಬಹಳ ಜನ ಹೇಳೋ ಮಾತು, ‘ದೊಡ್ಡ ದೋಣಿ ತಗೊಳ್ಳಿ, ಸೇಫ್.’ ಅರ್ಧ ನಿಜ.

ತೆರೆದ ಸಾಗರದಲ್ಲಿ ಅಡಿಗೆ ಬೆಲೆ ಇದೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡ್-ಐರ್ಲೆಂಡ್ ನಡುವಿನ ಫಾಸ್ಟ್‌ನೆಟ್ ರೇಸಿನ ಮೇಲೆ ಬಿರುಗಾಳಿ ಎರಗಿತು. ಹೊರಟ 303 ದೋಣಿಗಳಲ್ಲಿ ಮುಗಿಸಿದ್ದು 86. ಹದಿನೈದು ಸ್ಪರ್ಧಿಗಳು ಸತ್ತರು. ಹೆಚ್ಚು ಪೆಟ್ಟು ತಿಂದದ್ದು ಚಿಕ್ಕ ದೋಣಿಗಳ ಗುಂಪು. ಮುರಿದು ಬೀಳೋ ದೊಡ್ಡ ಅಲೆ ಪಕ್ಕದಿಂದ ಬಡಿದಾಗ ಉದ್ದವೂ ತೂಕವೂ ಇರೋ ದೋಣಿ ಸುಲಭಕ್ಕೆ ಮಗುಚಲ್ಲ.

ಆದರೆ ಇನ್ನೊಂದು ಕಥೆಯೂ ಇದೆ. ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರಲ್ಲಿ ಹೊರಟು 1969ರಲ್ಲಿ, 312 ದಿನಗಳ ಮೇಲೆ ವಾಪಸ್ ಬಂದರು. ಅವರ ‘ಸುಹೈಲಿ’ ದೋಣಿ ಬರೀ 32 ಅಡಿ, ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಲ್ಲಿ. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2012-13ರಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ ಸುತ್ತಿ ಬಂದದ್ದು ಗೋವಾದಲ್ಲಿ ಕಟ್ಟಿದ 56 ಅಡಿಯ ‘ಮಾದೇಯಿ’ಯಲ್ಲಿ. 2018ರ ಗೋಲ್ಡನ್ ಗ್ಲೋಬ್ ರೇಸಿಗೆ ಸುಹೈಲಿಯ ತದ್ರೂಪಾದ ‘ತುರಿಯಾ’ದಲ್ಲಿ ಹೊರಟಾಗ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೂವೆಮರ ಮುರಿದು, ಬೆನ್ನಿಗೆ ಪೆಟ್ಟಾಗಿ, ಬದುಕುಳಿದದ್ದೇ ಹೆಚ್ಚು. ಅದೇ ಮನುಷ್ಯ ಮುಂದಿನ ರೇಸಿಗೆ 36 ಅಡಿಯ ದೋಣಿಯಲ್ಲಿ ಹೋಗಿ 2023ರಲ್ಲಿ ಎರಡನೆಯವರಾಗಿ ಮುಟ್ಟಿದರು.

ಇದರಿಂದ ‘36ಕ್ಕೆ ಜಯ’ ಅಂತ ಗಂಡ ಕುಣಿದ. ನಾನು ಕೇಳಿದ್ದು ಒಂದೇ: ‘ನಾವು ಹೋಗ್ತಿರೋದು ದಕ್ಷಿಣ ಮಹಾಸಾಗರಕ್ಕಾ?’ ಅಲ್ಲ. ಎರಡೂ ಕಡೆ ದಡ ಕಾಣೋ, ಒಂದೆರಡು ಗಂಟೆಗೊಂದು ಬಂದರು ಸಿಗೋ ನೀರಿಗೆ. ಇಲ್ಲಿ ನಮ್ಮನ್ನು ಕೊಲ್ಲಬಹುದಾದ್ದು ಮೂವತ್ತಡಿ ಅಲೆ ಅಲ್ಲ. ತಣ್ಣೀರು.

ಒಬ್ಬರು ಬಿದ್ದರೆ?

ಪ್ಯೂಜೆಟ್ ಸೌಂಡಿನ ನೀರು ನಡುಬೇಸಿಗೆಯಲ್ಲೂ ಹೆಚ್ಚುಕಡಿಮೆ 12-13 ಡಿಗ್ರಿ. ತರಗತಿಯಲ್ಲಿ ಕಲಿಸಿದ ಸೂತ್ರ 1-10-1. ಬಿದ್ದ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗಲ್ಲ. ಹತ್ತು ನಿಮಿಷ ಕೈಕಾಲು ನಮ್ಮ ಮಾತು ಕೇಳುತ್ತವೆ. ಒಂದು ಗಂಟೆಯೊಳಗೆ ಪ್ರಜ್ಞೆ ಹೋಗಬಹುದು. ಹತ್ತು ನಿಮಿಷದ ಮೇಲೆ ಕೊಟ್ಟ ಹಗ್ಗ ಹಿಡಿಯೋಕೂ ಬೆರಳು ಬಗ್ಗಲ್ಲ.

ನಾವು ಹೋಗೋದು ಮೂರು ಜನ. ಅದರಲ್ಲೊಬ್ಬಳು ಆರು ವರ್ಷದವಳು. ಅಂದ್ರೆ ನಮ್ಮಿಬ್ಬರಲ್ಲಿ ಒಬ್ಬರು ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿಯೋದು ಒಬ್ಬ ದೊಡ್ಡವರು ಮತ್ತು ಒಂದು ಹೆದರಿದ ಮಗು. ಆ ಒಬ್ಬರು ದೋಣಿ ತಿರುಗಿಸಬೇಕು, ಹಾಯಿ ಇಳಿಸಬೇಕು, ಎಂಜಿನ್ ಹಾಕಬೇಕು, ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಬೇಕು, ಬಿದ್ದವರನ್ನ ಮುಟ್ಟಬೇಕು, ಎತ್ತಬೇಕು. ಆಮೇಲೆ ದೋಣಿಯನ್ನ ಒಬ್ಬರೇ ಧಕ್ಕೆಗೆ ತರಬೇಕು.

ಈ ವಿಷಯ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನ ಹತ್ರ ಹೇಳಿದೆ. ಅವರು ವೇಗ, ಬೆಲೆ ಏನೂ ಕೇಳಲಿಲ್ಲ. ‘ಅಲ್ಲ ಹೆಣೆ, ದೋಣಿ ದೊಡ್ಡದಾರೆ ಆಯ್ತಾ? ಎಳುಕೆ ಜನ ಬೇಡ್ದಾ?’ ಅಂದರು. ಅಷ್ಟೇ.

ಆವತ್ತು ನಾವು ಒಂದು ನಿಯಮ ಮಾಡ್ಕೊಂಡೆವು. ಇಬ್ಬರಲ್ಲಿ ಯಾರೇ ಆಗಲಿ, ಒಬ್ಬರೇ ಮನೆಗೆ ತರಲಾಗದ ದೋಣಿಯನ್ನ ಕೊಳ್ಳಬಾರದು. ಗಂಡನಿಗೆ ಎರಡೂ ಆಗುತ್ತೆ, ಆಳು ಗಟ್ಟಿಮುಟ್ಟಾಗಿದ್ದಾನೆ. ಹಾಗಾಗಿ ಪರೀಕ್ಷೆ ನನ್ನದು.

ಕ್ಲಬ್ಬಿನಿಂದ ಒಂದು ವಾರ 27 ಅಡಿಯದ್ದು, ಮುಂದಿನ ವಾರ 36 ಅಡಿಯದ್ದು ಬಾಡಿಗೆಗೆ ತಗೊಂಡೆವು. ಮಗಳನ್ನ ಗೆಳತಿಯ ಮನೆಯಲ್ಲಿ ಬಿಟ್ಟೆವು. ಫೆಂಡರ್ ಅಂತ ಇರುತ್ತೆ, ಧಕ್ಕೆಗೆ ಉಜ್ಜದ ಹಾಗೆ ದೋಣಿಯ ಪಕ್ಕಕ್ಕೆ ಕಟ್ಟೋ ಗಾಳಿ ತುಂಬಿದ ಉರುಳೆ. ಅದನ್ನ ನೀರಿಗೆ ಎಸೆದು, ‘ಬಿದ್ದವನು ನಾನೇ’ ಅಂತ ಹೇಳಿ ಗಂಡ ಮೂಲೆಯಲ್ಲಿ ಕೈಕಟ್ಟಿ ಕೂತ. ಕ್ಲಬ್ಬಿನ ತರಬೇತುದಾರರೊಬ್ಬರು ಜತೆಗಿದ್ದರು. ಅವರೂ ಮಾತಾಡುವ ಹಾಗಿರಲಿಲ್ಲ.

ಸಣ್ಣದರಲ್ಲಿ ಐದು ನಿಮಿಷಕ್ಕೆ ಫೆಂಡರ್ ಪಕ್ಕ ನಿಂತೆ. ಚುಕ್ಕಾಣಿಗೆ ಮರದ ಹಿಡಿ, ಕೂತಲ್ಲಿಂದಲೇ ಹಾಯಿಯ ಹಗ್ಗ ಕೈಗೆ ಸಿಗುತ್ತೆ. ಡೆಕ್ಕು ನೀರಿಗೆ ಹತ್ತಿರ. ದೊಡ್ಡದರಲ್ಲಿ ಹನ್ನೊಂದು ನಿಮಿಷ. ಚಕ್ರದ ಹಿಂದೆ ನಿಂತವಳು ಹಾಯಿಯ ಹಗ್ಗಕ್ಕೆ ಮುಂದೆ ಓಡಬೇಕು, ಮತ್ತೆ ಚಕ್ರಕ್ಕೆ ಬರಬೇಕು. ಬಟ್ಟೆ ಗಾಳಿಗೆ ಬಡಿದುಕೊಳ್ಳೋ ಸದ್ದಿಗೇ ಕೈ ನಡುಗುತ್ತೆ. ಹನ್ನೊಂದು ನಿಮಿಷ. ಸೂತ್ರದಲ್ಲಿರೋದು ಹತ್ತು.

ಬಿದ್ದವರನ್ನ ಎತ್ತೋದು ಎರಡರಲ್ಲೂ ಕಷ್ಟವೇ, ಅದನ್ನ ಸ್ಪಷ್ಟವಾಗಿ ಹೇಳ್ತೀನಿ. ಒದ್ದೆಯಾದ 75 ಕೆಜಿ ಮನುಷ್ಯನನ್ನ ಬರಿಗೈಲಿ ಯಾರೂ ಎತ್ತಲಾರರು. ಅದಕ್ಕೆ ‘ಲೈಫ್‌ಸ್ಲಿಂಗ್’ ಅಂತ ಕೊರಳಪಟ್ಟಿ, ಹಗ್ಗ, ರಾಟೆಯ ಸಾಧನವಿದೆ. ಹುಟ್ಟಿದ್ದು ಇದೇ ಸಿಯಾಟಲ್‌ನಲ್ಲಿ. ಗಂಡ ಹೆಂಡತಿ ಇಬ್ಬರೇ ಹೋಗೋ ದೋಣಿಗಳನ್ನ ನೆನೆದೇ ಮಾಡಿದ ಹಾಗಿದೆ. ಯಾವ ಅಳತೆಯ ದೋಣಿ ಕೊಂಡ್ರೂ ಅದು ಇರಲೇಬೇಕು.

ಕೊನೆಯದು ಧಕ್ಕೆಗೆ ತರೋದು. ಆವತ್ತು 15 ನಾಟ್ ಗಾಳಿ, ದೋಣಿಯನ್ನ ಧಕ್ಕೆಯಿಂದ ಹೊರಗೆ ದೂಡ್ತಿತ್ತು. 3 ಟನ್ನಿನದ್ದು ತಪ್ಪಿದ್ರೆ ಹಗ್ಗ ಎಳೆದು ಹತ್ತಿರ ತರಬಹುದು. 6 ಟನ್ನು ಗಾಳಿಗೆ ಒಲಿದ ಮೇಲೆ ನನ್ನ ಮಾತು ಕೇಳಲ್ಲ. ಮೂರನೇ ಪ್ರಯತ್ನದಲ್ಲಿ, ಪಕ್ಕದ ದೋಣಿಯ ಅಜ್ಜನೊಬ್ಬರು ಓಡಿಬಂದು ಹಗ್ಗ ಹಿಡಿದ ಮೇಲೆ ದೋಣಿ ನಿಂತಿತು.

ಕಲಿತರೆ ಬರುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನನಗಿಂತ ಸಣ್ಣ ಆಳುಗಳು, ಎಪ್ಪತ್ತು ದಾಟಿದ ಹೆಂಗಸರು ಇಲ್ಲಿ 40 ಅಡಿ ದೋಣಿಯನ್ನ ಒಬ್ಬರೇ ನಡೆಸ್ತಾರೆ. ಆದರೆ ಕಲಿಯೋಕೆ ಎರಡು ಮೂರು ವರ್ಷ ಬೇಕು. ಅಲ್ಲಿವರೆಗೆ ಮಗಳು ಆ ದೋಣಿಯಲ್ಲಿ ಇರ್ತಾಳಲ್ಲ?

ಕಾರಿನಲ್ಲಿ ವಾಪಸ್ ಬರುವಾಗ ಗಂಡ ಮಾತಾಡಲಿಲ್ಲ. ಮನೆ ಹತ್ತಿರ ಬಂದ ಮೇಲೆ, ‘ಆ ಫೆಂಡರ್ ದೂರ ಹೋಗ್ತಾ ಇದ್ದಾಗ ನಾನು ಅದನ್ನೇ ನೋಡ್ತಿದ್ದೆ’ ಅಂದ.

15 ವರ್ಷದ ಸಾಲ, 3 ವರ್ಷದ ವೀಸಾ

ಇನ್ನೊಂದು ಲೆಕ್ಕ ಇದೆ. ವಿದೇಶದಲ್ಲಿರೋ ನಮ್ಮಂಥವರಿಗೆ ಮಾತ್ರ ಅರ್ಥ ಆಗೋದು.

ನಾವಿಬ್ಬರೂ ಎಚ್-1ಬಿ ವೀಸಾದವರು. ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷದ್ದು ಕೊಡ್ತಾರೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದವರು ಎಷ್ಟು ಹಿಂದೆ ನಿಂತಿದ್ದೇವೆ ಅಂತ ನಿಮಗೆ ಗೊತ್ತೇ ಇದೆ. ಕೆಲಸ ಹೋದ್ರೆ ಹೊಸ ಕೆಲಸ ಹುಡುಕೋಕೆ ಅಥವಾ ಹೊರಡೋಕೆ ಇರೋದು ಹೆಚ್ಚೆಂದರೆ 60 ದಿನ. ಲೇಆಫ್ ಸುದ್ದಿ ಓದದೆ ವಾರ ಕಳೆಯೋದು ಈಗ ಅಪರೂಪ.

ದೊಡ್ಡ ದೋಣಿಗೆ ಕೊಡ್ತೀವಿ ಅಂದ ಸಾಲ 15 ವರ್ಷದ್ದು. ಗಂಡನೇ ಆ ಎರಡು ಅಂಕಿಯನ್ನ ಒಂದೇ ಕಾಗದದ ಮೇಲೆ ಬರೆದ: 15 ವರ್ಷದ ಸಾಲ, 3 ವರ್ಷದ ವೀಸಾ. ಹಳೆಯ ದೋಣಿ ಮನೆಯಲ್ಲ, ಅರವತ್ತು ದಿನದಲ್ಲಿ ಮಾರಾಟ ಆಗುತ್ತೆ ಅನ್ನೋ ಭರವಸೆ ಇಲ್ಲ. ಅದರಲ್ಲೂ ಡಿಸೆಂಬರಿನ ಮಳೆಯಲ್ಲಿ ಯಾರು ಕೊಳ್ತಾರೆ? ಮಾರೋವರೆಗೆ ಬಾಡಿಗೆ, ಕಂತು, ಇನ್ಶೂರೆನ್ಸ್ ಓಡ್ತಾನೇ ಇರುತ್ತೆ. ಸಣ್ಣದಾದ್ರೆ ಗೊತ್ತಿದ್ದವರಿಗೆ ಅರ್ಧ ಬೆಲೆಗೆ ಕೊಟ್ಟು, ಕೀಲಿ ಕೈಗಿಟ್ಟು ವಿಮಾನ ಹತ್ತಬಹುದು. ನಷ್ಟ ಆಗುತ್ತೆ, ಆದರೆ ಊರಿಗೆ ಸಾಲ ಹೊತ್ತು ಹೋಗಬೇಕಿಲ್ಲ.

ಹಾಗಾದ್ರೆ ಅತ್ತೆ-ಮಾವ?

ಇದೊಂದು ಬಗೆಹರಿಯದೆ ನಿರ್ಧಾರ ಆಗೋ ಹಾಗಿರಲಿಲ್ಲ. ಕೊನೆಗೆ ಬಗೆಹರಿಸಿದ್ದು ಕ್ಯಾಲೆಂಡರ್. ಇಬ್ಬರೂ ಕೂತು ವರ್ಷಕ್ಕೆ ನಿಜವಾಗಿ ಎಷ್ಟು ದಿನ ದೋಣಿಯಲ್ಲಿರ್ತೀವಿ ಅಂತ ಎಣಿಸಿದೆವು. ರಜೆ, ಮಳೆ, ಮಗಳ ಈಜು ಕ್ಲಾಸು, ಆಫೀಸಿನ ರಿಲೀಸು ಎಲ್ಲ ಕಳೆದು ಉಳಿದದ್ದು ನಲವತ್ತು ದಿನ. ಅದರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಹೋಗಿ ಸಂಜೆ ಬರೋದು. ಅತ್ತೆ-ಮಾವ ಜತೆಗಿರೋದು ಎರಡು ವರ್ಷಕ್ಕೆ ಒಂದು ವಾರ.

ಆ ಒಂದು ವಾರಕ್ಕೆ ಉತ್ತರದ ಬೆಲ್ಲಿಂಗ್‌ಹ್ಯಾಮ್ ಅಥವಾ ಅನಕೋರ್ಟಿಸ್ ಬಂದರಿನಿಂದ 36 ಅಡಿ ದೋಣಿಯನ್ನೇ ಬಾಡಿಗೆಗೆ ತಗೋಬಹುದು. ಅಲ್ಲಿಂದ ದ್ವೀಪಗಳು ಅರ್ಧ ದಿನದ ದಾರಿ, ಹನ್ನೆರಡು ಗಂಟೆ ಹೋಗಬೇಕಿಲ್ಲ. ನಮಗೆ ಹೇಳಿದ ಬೆಲೆ ವಾರಕ್ಕೆ ಸುಮಾರು 3,000 ಡಾಲರ್. ದುಬಾರಿ ಅನ್ನಿಸುತ್ತೆ. ಆದರೆ ಎರಡು ವರ್ಷದ ಜಾಗದ ಬಾಡಿಗೆಯ ವ್ಯತ್ಯಾಸವೊಂದೇ 4,800. ಆ ವಾರ ಒಬ್ಬ ಅನುಭವಿ ಕ್ಯಾಪ್ಟನ್ನನ್ನೂ ಜತೆಗೆ ಕರ್ಕೊಂಡು ಹೋಗ್ತೀವಿ. ಆಗ ‘ಎಳುಕೆ ಜನ’ ಆಯ್ತು, ಅತ್ತೆಗೆ ಬಾಗಿಲಿರೋ ಬಚ್ಚಲೂ ಆಯ್ತು, ನನಗೆ ದೊಡ್ಡ ದೋಣಿಯ ಪಾಠವೂ ಆಯ್ತು. ಈ ಲೆಕ್ಕ ನೋಡಿದ ಮೇಲೆ ಗಂಡ ತಾನೇ 27 ಅಡಿಯದ್ದರ ಮಾಲೀಕರಿಗೆ ಫೋನ್ ಮಾಡಿದ.

ನೀವು ಕೊಳ್ಳೋದಾದ್ರೆ

ದೋಣಿಯೇ ಆಗಬೇಕಿಲ್ಲ, ಇಂಥ ಯಾವ ದೊಡ್ಡ-ಸಣ್ಣ ಗೊಂದಲಕ್ಕೂ ನಾನು ಈಗ ಕೇಳೋ ಪ್ರಶ್ನೆಗಳು ಇವು:

ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಬಳಸ್ತೀರಿ, ಎಷ್ಟು ಜನ? ಬರಬಹುದಾದ ನೆಂಟರನ್ನ ಲೆಕ್ಕ ಹಾಕಬೇಡಿ, ವಾರವಾರ ಇರೋರನ್ನ ಹಾಕಿ.

ಮನೆಯಲ್ಲಿ ಕಡಿಮೆ ಬಲ, ಕಡಿಮೆ ಅನುಭವ ಇರೋರು ಒಬ್ಬರೇ ಅದನ್ನ ಸಂಭಾಳಿಸ್ತಾರಾ? ಊಹೆ ಬೇಡ, ಬಾಡಿಗೆಗೆ ತಂದು ಮಾಡಿ ನೋಡಿ.

ನಿಂತಲ್ಲೇ ನಿಂತಿದ್ರೂ ತಿಂಗಳಿಗೆ ಎಷ್ಟು ತಿನ್ನುತ್ತೆ?

ನಾಳೆ ಬಿಟ್ಟು ಹೊರಡಬೇಕಾದ್ರೆ ಬಿಡೋಕಾಗುತ್ತಾ?

ಬೆಂಗಳೂರಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. ಹಾಯಿ ಕಲಿಯೋಕೆ ಸಿಯಾಟಲ್‌ಗೆ ಬರಬೇಕಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಗೋವಾದಲ್ಲಿ, ಮುಂಬೈಯಲ್ಲಿ ಕಲಿಸೋರಿದ್ದಾರೆ. ಹದಿನಾಲ್ಕು ಅಡಿಯ ದೋಣಿಯಲ್ಲಿ ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಕೆನ್ನೆಗೆ ಗೊತ್ತಾಗೋದನ್ನ ಕಲಿತವರು ಆಮೇಲೆ ಎಷ್ಟು ಅಡಿಯದ್ದನ್ನಾದ್ರೂ ನಡೆಸ್ತಾರೆ.

ಸರ್ವೇ ಆಯ್ತು, ಡೆಕ್ಕು ಟಣ್ ಅಂತು, ಕಾಗದಪತ್ರ ಕಳೆದ ತಿಂಗಳು ನಮ್ಮ ಹೆಸರಿಗೆ ಬಂತು. ಔಟ್‌ಬೋರ್ಡ್ ಎಂಜಿನ್ನು ರಿಪೇರಿಗೆ ಹೋಗಿದೆ, ಒಳಗಿನ ಮೆತ್ತೆಗಳು ನಮ್ಮ ಬಾಲ್ಕನಿಯಲ್ಲಿ ಒಣಗ್ತಿವೆ. ಹೆಸರು ಮಾತ್ರ ಇನ್ನೂ ಇಟ್ಟಿಲ್ಲ. ಮಗಳು ‘ಬಂಗುಡೆ’ ಅಂತ ಹಠ ಹಿಡಿದಿದ್ದಾಳೆ, ಅಜ್ಜಯ್ಯ ಫೋನಿನಲ್ಲಿ ಹೇಳಿಕೊಟ್ಟದ್ದು. ಅಪ್ಪಟ ಸಸ್ಯಾಹಾರಿ ತುಮಕೂರಿನವನು ಇದಕ್ಕೆ ಒಪ್ಪಿಲ್ಲ. ಮುಂದಿನ ನಾಲ್ಕು ತಿಂಗಳು ಇದೇ ಚರ್ಚೆ.